ಒಪ್ಪಿಸುವುದೂ ಒಲಿಸುವುದೂ

ಸಂಕ್ರಾಂತಿಯಂದು ಕೂಡಲಸಂಗಮದ ಹೊಳೆಯಲ್ಲಿ ಮಿಂದು, ಸಂಗಮನಾಥನ ದರ್ಶನ ಪಡೆದು, ಬಸವಣ್ಣನವರ ಐಕ್ಯಮಂಟಪದ ಮೆಟ್ಟಿಲುಗಳನ್ನು ಇಳಿದೇರಿ ಬಂದ ಬಳಿಕ ದಂಡೆಯ ಮೇಲೆ ಬುತ್ತಿ ಬಿಚ್ಚುವುದು ನಮ್ಮ ಮನೆತನದ ಹಳೆಯ ವಾಡಿಕೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಆ ಎಡೆಯಲ್ಲಿ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಹಂಚಿಕೊಂಡು ಉಣ್ಣುವುದೇ ಒಂದು ಸಂತಸ. ಈ ಸಲದ ಸಂಕ್ರಾಂತಿಯಂದು ಅದೇ ದಂಡೆಯ ಮೇಲೆ ನನಗೆ ಎರಡು ಹೊಣೆಗಳು ಒಟ್ಟಿಗೇ ಬಂದೊದಗಿದವು.

ಮೊದಲನೆಯದನ್ನು ತಂದವಳು ನನ್ನ ಅಣ್ಣನ ಮೊಮ್ಮಗಳು. ಬಾಗಲಕೋಟೆಯಲ್ಲಿ ಪದವಿ ತರಗತಿಯಲ್ಲಿ ಓದುತ್ತಿರುವ ಈ ಹುಡುಗಿ ಸ್ಪರ್ಧಾತ್ಮಕ ಪರೀಕ್ಷೆಗೆಂದು ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕವೊಂದನ್ನು ಹಬ್ಬದ ದಿನವೂ ಬಿಡದೆ ಹೊತ್ತು ತಂದಿದ್ದಳು. ಅದರಲ್ಲಿ ಒಂದು ಇಡೀ ಪುಟ, ಮತ್ತೊಬ್ಬರ ಮನಸ್ಸು ತಿರುಗಿಸಿ ಅಥವಾ ಅವರ ಮೇಲೆ ಒತ್ತಡ ಹೇರಿ ಕೆಲಸ ಮಾಡಿಸುವುದಕ್ಕೆ ಸಂಬಂಧಿಸಿದ ಮಾತುಗಳಿಂದ ತುಂಬಿತ್ತು. "ಅಜ್ಜಾ, ಇವಕ್ಕ ಕನ್ನಡದಾಗ ಏನಂತಾರ?" ಎಂದು ಆಕೆ ಕೇಳಿದಳು.

ಎರಡನೆಯ ಹೊಣೆ ಅಣ್ಣನವರದು. ಕೈತೊಳೆಯಲೆಂದು ನೀರಿನತ್ತ ಹೋದಾಗ ನನ್ನನ್ನು ಬದಿಗೆ ಕರೆದು ಅವರು ಹೇಳಿದ್ದಿಷ್ಟು: "ತಮ್ಮಾ, ಇಳಕಲ್ಲಿಂದ ಈ ಹುಡುಗಿಗೆ ಒಂದು ಚಲೋ ಸಂಬಂಧ ಬಂದೈತಿ. ಆಕಿ ಒಲ್ಲೆ ಅಂತಾಳ. ನೀ ಓದಿದಾಂವ, ನಿನ್ನ ಮಾತು ಕೇಳತಾಳ. ಹೆಂಗರೆ ಮಾಡಿ ಒಪ್ಪಸು."

ಒತ್ತಾಯದ ಮಾತುಗಳಿಗೆ ಅರ್ಥ ಹೇಳೆಂದು ಕೇಳಿದ ಹುಡುಗಿಯನ್ನೇ ಒತ್ತಾಯಿಸಬೇಕೆಂಬ ಕಟ್ಟಳೆ ನನ್ನ ಮೇಲೆ ಬಿದ್ದಂತಾಯಿತು. ಅಂದಿನಿಂದ ಈ ಮಾತುಗಳ ಕುರಿತು ಚಿಂತಿಸುತ್ತ ಬಂದಿದ್ದೇನೆ. ಮಕ್ಕಳನ್ನು ಬೆಳೆಸುವ, ಸೊಸೆಯರನ್ನು ತರುವ, ಹೆಣ್ಣುಮಕ್ಕಳನ್ನು ಕೊಡುವ ಎಲ್ಲ ಮನೆಗಳಿಗೂ ಸಲ್ಲುವ ವಿಚಾರವಾದ್ದರಿಂದ ಶರಣ ಬಂಧುಗಳ ಮುಂದೆ ಅದನ್ನು ಇರಿಸುತ್ತಿದ್ದೇನೆ.

ಆಂಗ್ಲರ ಮಾತುಗಳು

ಆ ಪುಟದಲ್ಲಿದ್ದ ಮಾತುಗಳಲ್ಲಿ ಕೆಲವಕ್ಕೆ ಸೊಗಸಾದ ಚರಿತ್ರೆಯಿದೆ. ಒಬ್ಬನನ್ನು ಗದರಿಸಿ ದಾರಿಗೆ ತರುವುದಕ್ಕೆ ಇಂಗ್ಲಿಷಿನಲ್ಲಿ 'ರಯಟ್ ಆಕ್ಟ್ ಓದುವುದು' ಎನ್ನುತ್ತಾರೆ. ಇದು 1715ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಒಂದು ಕಾನೂನು. ಹನ್ನೆರಡು ಅಥವಾ ಅದಕ್ಕೂ ಹೆಚ್ಚು ಜನ ಗಲಭೆಗಾಗಿ ಕೂಡಿದ್ದರೆ ಅಧಿಕಾರಿಯು ಅವರ ಮುಂದೆ ನಿಂತು ಘೋಷಣೆಯನ್ನು ಗಟ್ಟಿಯಾಗಿ ಓದಬೇಕು. ಓದಿದ ಒಂದು ಗಂಟೆಯೊಳಗೆ ಅವರು ಚದುರದಿದ್ದರೆ ಘೋರ ಶಿಕ್ಷೆ. ಕಾನೂನು ರದ್ದಾಗಿ ಹೋದರೂ ಮಾತು ಉಳಿಯಿತು. ಇಂದು ಮಕ್ಕಳನ್ನು ಗದರಿಸುವ ತಾಯಿಯೂ ಅದನ್ನೇ 'ಓದುತ್ತಾಳೆ'.

'ಬಾಯ್ಕಾಟ್' ಎಂಬುದು ಒಬ್ಬ ಮನುಷ್ಯನ ಹೆಸರು. ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಜಮೀನುದಾರನೊಬ್ಬನ ಕಾರಭಾರಿಯಾಗಿದ್ದ ಚಾರ್ಲ್ಸ್ ಬಾಯ್ಕಾಟ್ ಎಂಬವನಿಗೆ 1880ರಲ್ಲಿ ಊರವರು ಕೂಲಿಗೆ ಹೋಗುವುದನ್ನೂ, ಅಂಗಡಿಯಲ್ಲಿ ಸಾಮಾನು ಕೊಡುವುದನ್ನೂ, ಮಾತನಾಡಿಸುವುದನ್ನೂ ನಿಲ್ಲಿಸಿದರು. ಅಲ್ಲಿ ದುರ್ಬಲರು ಬಲಿಷ್ಠನ ಮೇಲೆ ಪ್ರಯೋಗಿಸಿದ ಅಸ್ತ್ರವಿದು. ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರವನ್ನು ಬಲಿಷ್ಠರೇ ದುರ್ಬಲರ ಮೇಲೆ ಹಾಕಿದ್ದುಂಟು. ಅದಕ್ಕಾಗಿಯೇ ನೆರೆಯ ಮಹಾರಾಷ್ಟ್ರವು 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯ್ದೆಯನ್ನೇ ರೂಪಿಸಬೇಕಾಯಿತು.

'ಎಗ್ ಆನ್' ಎಂದರೆ ಹುರಿದುಂಬಿಸು, ಪ್ರಚೋದಿಸು. ತತ್ತಿಗೂ ಈ ಮಾತಿಗೂ ಸಂಬಂಧವಿಲ್ಲ. ಉತ್ತರ ಯೂರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ಅಲಗನ್ನು ಹರಿತಗೊಳಿಸು, ಕೆಣಕು ಎಂಬರ್ಥದ ಪದದಿಂದ ಬಂದದ್ದು. ಕತ್ತೆಯ ಮುಂದೆ ಗಜ್ಜರಿ, ಹಿಂದೆ ಕೋಲು ಎಂಬ ಮಾತು ಈಗ ನಮ್ಮ ಪತ್ರಿಕೆಗಳಿಗೂ ಬಂದಿದೆ. ತೋಳು ತಿರುಚುವುದು ಎಂಬ ಮಾತೂ ಹಾಗೆಯೇ.

ಆದರೆ ನನ್ನ ಮನಸ್ಸು ನಿಂತದ್ದು ಪುಟದ ಕೊನೆಯ ಮಾತಿನ ಮೇಲೆ: ಕುದುರೆಯನ್ನು ನೀರಿನ ಬಳಿಗೆ ಒಯ್ಯಬಹುದು, ನೀರು ಕುಡಿಸಲಾಗದು. ಇಂಗ್ಲಿಷಿನ ಅತಿ ಹಳೆಯ ಗಾದೆಗಳಲ್ಲಿ ಇದೊಂದು. ಸುಮಾರು 1175ರ ಧರ್ಮೋಪದೇಶವೊಂದರಲ್ಲಿಯೇ ಇದರ ಮೊದಲ ರೂಪ ಕಾಣುತ್ತದೆ. ಅದು ನಮ್ಮ ಶರಣರ ಶತಮಾನ. ಭೂಮಿಯ ಆ ತುದಿಯಲ್ಲಿಯೂ ಅದೇ ಕಾಲಕ್ಕೆ ಒಬ್ಬ ಉಪದೇಶಕನು, ಮತ್ತೊಬ್ಬರ ಇಚ್ಛೆಯ ಬಾಗಿಲನ್ನು ಹೊರಗಿನಿಂದ ತೆರೆಯಲಾಗದೆಂದು ಕಂಡುಕೊಂಡಿದ್ದನು.

ಹೊಲ, ಮಗ್ಗ, ಮನೆ

ಇನ್ನು ಹುಡುಗಿ ಕೇಳಿದ ಕನ್ನಡಕ್ಕೆ ಬರೋಣ. ಈ ಬಗೆಯ ನುಡಿಗಟ್ಟುಗಳಿಗೆ ನಮ್ಮಲ್ಲಿ ಬಡತನವಿಲ್ಲ. ಅವು ಹುಟ್ಟಿದ ಎಡೆಗಳನ್ನು ನೋಡಿದರೆ ನಮ್ಮ ಬಾಳೇ ಕಣ್ಣಿಗೆ ಕಟ್ಟುತ್ತದೆ.

ಹೊಲದಿಂದ ಬಂದವು ಎತ್ತಿನ ಸುತ್ತ ಇವೆ. ಮೂಗುದಾರ ಹಾಕು, ನೊಗಕ್ಕೆ ಕೊರಳು ಕೊಡಿಸು, ಬಾಲ ತಿರುವು. ಆಂಗ್ಲರು ತೋಳು ತಿರುಚಿದರೆ ನಾವು ಬಾಲ ತಿರುವುತ್ತೇವೆ. ಆದರೆ ಅದೇ ಹೊಲದಲ್ಲಿ ಮೈದಡವು, ಬೆನ್ನು ಚಪ್ಪರಿಸು ಎಂಬ ಮಾತುಗಳೂ ಬೆಳೆದಿವೆ. ಬಾರಕೋಲನ್ನು ಹೆಗಲ ಮೇಲೆಯೇ ಇರಿಸಿಕೊಂಡು ಎತ್ತಿನ ಹೆಸರು ಹಿಡಿದು ಕರೆಯುತ್ತ ಇಡೀ ಹೊಲ ಹರಗಿ ಬರುವ ಒಕ್ಕಲಿಗನನ್ನು ಹುನಗುಂದದ ಎರೆಹೊಲಗಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ನೂಲಿನ ಮಾತು ಹುರಿದುಂಬಿಸು. ಹುರಿ ಎಂದರೆ ಹೊಸೆತ. ಬಲ ಎಂಬರ್ಥವೂ ಉಂಟು. ಹುರಿಯಿಲ್ಲದ ಎಳೆ ಮಗ್ಗಕ್ಕೆ ಏರಿದೊಡನೆ ಹರಿಯುತ್ತದೆ. ಒಬ್ಬನ ಮನಸ್ಸಿನ ಎಳೆಗೆ ಬಲ ತುಂಬುವುದೇ ಹುರಿದುಂಬಿಸುವುದು. ಎಳೆ ಅವನದೇ, ನಾವು ಬರಿಯ ಹುರಿ ಕೊಡುವವರು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅಷ್ಟು ನಾಜೂಕಾಗಿ ಜೋಡಿಸಿದ ಸೆರಗನ್ನು ಹಿಡಿದು ತಾಯಿ ಬೇಡಿಕೊಂಡಾಗ ಅದು 'ಸೆರಗೊಡ್ಡು' ಎಂಬ ನುಡಿಗಟ್ಟಾಗುತ್ತದೆ. ಉಡಿಯೊಡ್ಡು, ಗದ್ದ ಹಿಡಿ, ಕೈಕಾಲು ಬೀಳು ಎಂಬವು ಇದೇ ಕುಲದವು.

ಪರಭಾಷೆಗಳಿಂದ ಬಂದು ನಮ್ಮವೇ ಆಗಿಹೋದವೂ ಇವೆ. ದುಂಬಾಲು ಬೀಳು ಎಂಬಲ್ಲಿಯ ದುಂಬಾಲು ಮೂಲತಃ ಪಾರಸಿ ಮಾತು. ಬಾಲ, ಹಿಂಬದಿ ಎಂದು ಅದರರ್ಥ. ಪುಸಲಾಯಿಸು ಹಿಂದಿಯದು. ಸಾಲ ಕೊಟ್ಟವನ ತಗಾದೆ ಅರಬ್ಬಿಯಿಂದ ಬಂದದ್ದು. ಜುಲುಮೆಯೂ ಅರಬ್ಬಿಯದೇ, ಅಲ್ಲಿ ಅದಕ್ಕೆ ಅನ್ಯಾಯ, ದಬ್ಬಾಳಿಕೆ ಎಂಬ ಅರ್ಥ. ನಮ್ಮ ಸೀಮೆಯ ಊಟದ ಪಂಕ್ತಿಗೆ ಬಂದ ಜುಲುಮಿ ಮೆತ್ತಗಾಗಿದೆ. "ಜುಲುಮಿ ಮಾಡಿ ಇನ್ನೊಂದು ಹೋಳಿಗಿ ಹಾಕಿದರು" ಎಂದು ನಮ್ಮವರು ಹೇಳುವಾಗ ಅದರಲ್ಲಿ ದೂರಿಲ್ಲ, ಸಂತೋಷವಿದೆ.

ಕಿವಿಯ ಸುತ್ತಲಿನ ಮಾತುಗಳು ಎಚ್ಚರಿಕೆಯವು. ಕಿವಿಮಾತು ಹಿತಕ್ಕಾಗಿ; ಕಿವಿ ಊದುವುದು ಕೆಡುಕಿಗಾಗಿ; ಕಿವಿ ಹಿಂಡುವುದು ಶಿಕ್ಷೆಗಾಗಿ. ಎತ್ತಿಕಟ್ಟುವುದು, ಛೂ ಬಿಡುವುದು ಎಂಬವುಗಳಲ್ಲಿ ಕೆಲಸ ಮಾಡಿಸುವವನು ಮರೆಯಲ್ಲಿ ನಿಂತಿರುತ್ತಾನೆ. ಹೊಗಳಿ ಕೆಲಸ ಸಾಧಿಸುವುದಕ್ಕೆ ಇಂಗ್ಲಿಷಿನವರೂ ನಾವೂ ಬೆಣ್ಣೆಯನ್ನೇ ಬಳಸುತ್ತೇವೆ. ಬಸವಣ್ಣನವರಾದರೋ ಹೊಗಳಿಕೆಯನ್ನು ಹೊನ್ನಶೂಲವೆಂದರು. ಹೊನ್ನಿನದಾದರೂ ಶೂಲ ಶೂಲವೇ.

ಇವೆಲ್ಲಕ್ಕಿಂತ ಕಠಿಣವಾದವು ಮನೆಯೊಳಗಿನವು. ಆಣೆ ಇಡುವುದು, ಉಪವಾಸ ಮಲಗುವುದು, ಕಣ್ಣೀರು ಹಾಕುವುದು. ಹೊರಗಿನವನು ಬಾಲ ತಿರುವಿದರೆ ಒದೆಯಬಹುದು. ಹೆತ್ತವ್ವ "ಒಪ್ಪದಿದ್ದರೆ ನನ್ನಾಣೆ" ಎಂದರೆ ಮಗಳು ಏನು ಮಾಡಿಯಾಳು? ಪ್ರೀತಿಯೇ ಅಲ್ಲಿ ಬಾರಕೋಲಾಗುತ್ತದೆ.

'ಇಸು' ಎಂಬ ಪ್ರತ್ಯಯ

ಮತ್ತೊಬ್ಬರಿಂದ ಮಾಡಿಸುವುದಕ್ಕೆ ಅನೇಕ ಭಾಷೆಗಳಲ್ಲಿ ಬೇರೆ ಮಾತನ್ನೇ ಸೇರಿಸಬೇಕು. ಕನ್ನಡದಲ್ಲಿ ಎರಡಕ್ಷರದ ಒಂದು ಪ್ರತ್ಯಯ ಸಾಕು. ವ್ಯಾಕರಣಕಾರರು ಇದನ್ನು ಪ್ರೇರಣಾರ್ಥಕವೆನ್ನುತ್ತಾರೆ. ಮಾಡು ಮಾಡಿಸು ಆಗುತ್ತದೆ, ಓದು ಓದಿಸು ಆಗುತ್ತದೆ, ಉಣ್ಣು ಉಣಿಸು ಆಗುತ್ತದೆ. ಮಠದ ಪಾಠಶಾಲೆಯಲ್ಲಿ ಇದನ್ನು ಕಲಿತಾಗ ಬರಿಯ ಸೂತ್ರವೆಂದುಕೊಂಡಿದ್ದೆ. ಈಗ ನೋಡಿದರೆ ಇದರಲ್ಲಿ ಸಂಸಾರದ ಧರ್ಮವೇ ಅಡಗಿದೆ.

ಮಣಿಸು, ನಂಬಿಸು, ಒಪ್ಪಿಸು, ಒಲಿಸು ಎಂಬ ನಾಲ್ಕನ್ನು ಒಂದೆಡೆ ಇಟ್ಟು ನೋಡಿರಿ. ಮಣಿಸುವಲ್ಲಿ ಬಲವೊಂದೇ ಇದೆ. ನಂಬಿಸುವುದು ಸತ್ಯದಿಂದಲೂ ಆಗಬಹುದು, ಸುಳ್ಳಿನಿಂದಲೂ ಆಗಬಹುದು; ನಂಬಿಸಿ ಕೊರಳು ಕೊಯ್ಯುವುದು ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಒಪ್ಪಿಸು ಎಂಬುದಕ್ಕೆ ಎರಡು ಅರ್ಥ. ಸಮ್ಮತಿ ಪಡೆಯುವುದು ಒಂದು, ವಶಕ್ಕೆ ಕೊಡುವುದು ಇನ್ನೊಂದು. ಮದುವೆಯ ಕೊನೆಗೆ ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ಇರುವುದು ಈ ಎರಡನೆಯ ಅರ್ಥ. ಮೊದಲನೆಯ ಅರ್ಥದಲ್ಲಿ ಒಪ್ಪಿಸದೆ ಎರಡನೆಯ ಅರ್ಥದಲ್ಲಿ ಒಪ್ಪಿಸಿಬಿಟ್ಟ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟು ಮಂದಿಯೋ!

ಒಲಿಸು ಮಾತ್ರ ಬೇರೆ ಜಾತಿಯದು. "ಎಷ್ಟು ಒಲಿಸಿದರೂ ಒಲಿಯಲಿಲ್ಲ" ಎಂದು ನಾವು ಸಹಜವಾಗಿ ಹೇಳುತ್ತೇವೆ. ಒಲಿಸುವುದಷ್ಟೇ ನಮ್ಮ ಪಾಲಿನದು. ಒಲಿಯುವುದು ಅವರ ಪಾಲಿನದು. ಆ ಮಾತಿನೊಳಗೇ ಅನ್ಯರ ಇಚ್ಛೆಗೆ ಜಾಗ ಬಿಟ್ಟಿದೆ.

ಕಾನೂನು ಕೂಡ ಈ ಭೇದವನ್ನು ಅರಿತಿದೆ. 1872ರ ಭಾರತೀಯ ಕರಾರು ಕಾಯ್ದೆಯು ಬಲಾತ್ಕಾರವನ್ನಷ್ಟೇ ಅಲ್ಲ, ಮತ್ತೊಬ್ಬರ ಇಚ್ಛೆಯನ್ನು ಆಳಬಲ್ಲ ಸ್ಥಾನದಲ್ಲಿರುವವನು ಅದನ್ನು ದುರುಪಯೋಗಪಡಿಸಿಕೊಳ್ಳುವುದನ್ನೂ ದೋಷವೆಂದೇ ಎಣಿಸುತ್ತದೆ. ವೀರಶೈವ ಲಿಂಗಾಯತರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ಬಲದಿಂದಾಗಲಿ ವಂಚನೆಯಿಂದಾಗಲಿ ಒಪ್ಪಿಗೆ ಪಡೆದ ಮದುವೆಯನ್ನು ರದ್ದುಪಡಿಸಲು ಅವಕಾಶವಿದೆ. ಆದರೆ ಅಪ್ಪ, ಅಜ್ಜ, ಕಾಕಾ ಎಂಬ ಸ್ಥಾನಗಳಿಗಿಂತ ಮಿಗಿಲಾದ ಆಳುವ ಸ್ಥಾನ ಯಾವುದಿದೆ? ಅಲ್ಲಿ ನ್ಯಾಯಾಲಯವು ಬರುವುದಿಲ್ಲ. ನಮ್ಮ ಅಂತರಂಗವೇ ಬರಬೇಕು.

ನನ್ನದೇ ತಪ್ಪು

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. 1999ರಲ್ಲಿ ನನ್ನ ಅಣ್ಣನ ಮಗಳಿಗೆ, ಅಂದರೆ ಈ ಹುಡುಗಿಯ ತಾಯಿಗೆ, ಹತ್ತೊಂಬತ್ತು ವರ್ಷ. ಶಿಕ್ಷಕಿಯಾಗಬೇಕು, ಟಿ.ಸಿ.ಎಚ್. ತರಬೇತಿಗೆ ಸೇರಬೇಕು ಎಂಬುದು ಆಕೆಯ ಹಂಬಲ. ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂದಿತು. ಮನೆಯವರು ಹೇಳಿ ಸೋತರು. ಕೊನೆಗೆ ನನ್ನನ್ನು ಕಳಿಸಿದರು. ನಾನು ಮೂರು ದಿನ ಆಕೆಯ ಮುಂದೆ ಕುಳಿತು ಗೃಹಸ್ಥಧರ್ಮ, ಹಿರಿಯರ ಋಣ, ಅವ್ವನ ಆರೋಗ್ಯ ಎಲ್ಲವನ್ನೂ ಬಣ್ಣಿಸಿದೆ. ನನ್ನ ಓದನ್ನೆಲ್ಲ ಆ ಒಂದು ಎಳೆಯ ಜೀವದ ಮೇಲೆ ಪ್ರಯೋಗಿಸಿದೆ. ನಾಲ್ಕನೆಯ ದಿನ ಆಕೆ ತಲೆ ತಗ್ಗಿಸಿ, "ಆತ್ರೀ ಕಾಕಾ" ಎಂದಳು. ನಾನು ಹೆಮ್ಮೆಯಿಂದ ಪಡಸಾಲೆಗೆ ಬಂದು "ಒಪ್ಪಿದಳು" ಎಂದೆ. ಸಕ್ಕರೆ ಹಂಚಿದರು.

ಈ ಸಂಕ್ರಾಂತಿಯಂದು ಅಣ್ಣನವರು ನನಗೆ ಹೇಳಿದ ಮಾತು ಆಕೆಯ ಕಿವಿಗೂ ಬಿದ್ದಿತ್ತು. ಬುತ್ತಿಯ ಡಬ್ಬಿಗಳನ್ನು ನೀರಿನಲ್ಲಿ ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದಳು: "ಕಾಕಾ, ಅವತ್ತ ನಾ ಒಪ್ಪಿರಲಿಲ್ರಿ. ದಣಿದಿದ್ದೆ. ಅದಕ್ಕ ಸುಮ್ಮನಾದೆ."

ಆಕೆಯ ಬಾಳು ಕೆಟ್ಟಿಲ್ಲ. ಗಂಡ ಸಜ್ಜನ, ಮನೆ ತುಂಬಿದೆ. ಆದರೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನಾನು ಒಪ್ಪಿಗೆಯೆಂದು ತಿಳಿದುಕೊಂಡಿದ್ದುದು ಒಂದು ದಣಿವಾಗಿತ್ತು. ತಿಳಿಹೇಳಿದೆನೆಂದು ನಾನು ನಂಬಿದ್ದೆ. ನಾನು ಹೇಳಿದ್ದೆನೇ ಹೊರತು ಆಕೆಯ ಮನಸ್ಸನ್ನು ತಿಳಿದಿರಲಿಲ್ಲ.

ಸಂಗಮದಲ್ಲಿ ನಡೆದ ಒಲಿಸುವಿಕೆ

ಆ ಮಾತು ಕೇಳಿ ನಾನು ಎದ್ದು ಗುಡಿಯತ್ತ ನಡೆದೆ. ಅಲ್ಲಿ ನೆನಪಾದದ್ದು ಹರಿಹರ ಕವಿಯು ಬಸವರಾಜದೇವರ ರಗಳೆಯಲ್ಲಿ ಹೇಳಿರುವ ಕಥೆ. ಅದು ನಡೆಯುವುದು ಇದೇ ನೆಲದಲ್ಲಿ.

ಮನೆ ತೊರೆದು ಬಂದ ಬಸವಣ್ಣನು ಸಂಗಮನಾಥನ ಸೇವೆಯಲ್ಲಿ ಮೈಮರೆತಿದ್ದಾನೆ. ಆಗ ಸಂಗಮನಾಥನು ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆನ್ನುತ್ತಾನೆ. ಬಸವಣ್ಣನಿಗೆ ಅದು ಬೇಡ. ತನ್ನನ್ನು ದೂರ ಮಾಡುತ್ತಿರುವೆಯಾ ಎಂದು ಹಲುಬುತ್ತಾನೆ, ಅಳುತ್ತಾನೆ. ಇಲ್ಲಿ ಕವಿಯು ತೋರಿಸಿರುವ ದೇವನ ನಡೆಯನ್ನು ಗಮನಿಸಬೇಕು. ಆಣೆ ಇಡುವುದಿಲ್ಲ, ಶಾಪ ಹಾಕುವುದಿಲ್ಲ, ಋಣವನ್ನು ನೆನಪಿಸುವುದಿಲ್ಲ. ಅಳಲನ್ನು ಕೇಳುತ್ತಾನೆ, ಕೇಳಿದ ಮೇಲೆ, ನಿನ್ನ ಸಂಗಡ ನಾನೂ ಬರುವೆನೆಂದು ಮಾತು ಕೊಡುತ್ತಾನೆ. ಮಾತು ಕೊಟ್ಟಂತೆಯೇ ಮರುದಿನ ನಂದಿಯ ಮುಖದಿಂದ ಲಿಂಗರೂಪದಲ್ಲಿ ಬಸವಣ್ಣನ ಕರಸ್ಥಲಕ್ಕೆ ಬರುತ್ತಾನೆ. ಆ ಬಳಿಕವೇ ಬಸವಣ್ಣನು ಹೊರಡುವುದು.

ಹೋಗೆಂದವನೇ ಜೊತೆಗೆ ಹೊರಟನು. ಒಲಿಸುವುದೆಂದರೆ ಇದು. ನಾವು ಮಕ್ಕಳಿಗೆ ಹೋಗೆನ್ನುತ್ತೇವೆ, ಮಾಡೆನ್ನುತ್ತೇವೆ. ಅವರ ಭಾರದಲ್ಲಿ ಒಂದು ಹಿಡಿಯನ್ನೂ ಹೊರುವುದಿಲ್ಲ.

ಶರಣರ ಸಂಸಾರಗಳಲ್ಲಿಯೂ ಇದೇ ಬೆಳಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ತನಗೆ ಅದು ಬೇಡವೆಂದು ಆಕೆ ಮೊದಲು ತಾನೇ ನಿರ್ಧರಿಸಿದ್ದಳು. ಆದ್ದರಿಂದಲೇ ಗಂಡನಿಗೆ ಆಕೆಯ ಮಾತು ಒತ್ತಾಯವಾಗಿ ಕೇಳಿಸಲಿಲ್ಲ. ನನ್ನ ಬಾಲ್ಯದ ಮಠದಲ್ಲಿ ಬೆಳಗಿನ ಜಾವದ ಓದಿಗೆ ಮಕ್ಕಳನ್ನು ಎಬ್ಬಿಸುವ ಹೊಣೆ ಹೊತ್ತಿದ್ದ ಹಿರಿಯರೂ ಹೀಗೆಯೇ ಇದ್ದರು. ಕೋಲು ಹಿಡಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ನಮ್ಮ ಹಾಸಿಗೆಗಳ ನಡುವೆ ಕಂದೀಲು ಹಚ್ಚಿಟ್ಟುಕೊಂಡು ತಾವೇ ಓದುತ್ತ ಕೂಡುತ್ತಿದ್ದರು. ಆ ಬೆಳಕಿನಲ್ಲಿ ಮಲಗಿರಲು ನಮಗೆ ನಾಚಿಕೆಯಾಗುತ್ತಿತ್ತು. ಒಬ್ಬೊಬ್ಬರಾಗಿ ಎದ್ದು ಅವರ ಸುತ್ತ ಕುಳಿತುಕೊಳ್ಳುತ್ತಿದ್ದೆವು.

ಮನೆಗಳಲ್ಲಿ ಇದನ್ನು ಹೇಗೆ ಆಚರಿಸಬೇಕು? ನನಗೆ ತೋರಿದ ಮೂರು ಮಾತು ಹೇಳುತ್ತೇನೆ. ಮಕ್ಕಳಿಂದ ಏನನ್ನಾದರೂ ಬಯಸಿದಾಗ ಮೊದಲು ಅವರ 'ಒಲ್ಲೆ'ಯನ್ನು ಪೂರ್ತಿ ಕೇಳಬೇಕು; ನಡುವೆ ಬಾಯಿ ಹಾಕಬಾರದು. ಎರಡನೆಯದು, ಆಣೆ, ಕಣ್ಣೀರು, ಉಪವಾಸಗಳನ್ನು ಮಕ್ಕಳ ಮೇಲೆ ಆಯುಧಗಳಾಗಿ ಬಳಸಬಾರದು. ಕೊನೆಯದಾಗಿ, ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದು, ದಣಿದವರೂ ಮೌನವಾಗಿರುತ್ತಾರೆ. ಹಾಗೆಂದು ಹಿರಿಯರು ಬಾಯಿ ಕಟ್ಟಿಕೊಂಡು ಕೂಡಬೇಕೆಂದಲ್ಲ. ಹಿತವನ್ನು ಹೇಳಲೇಬೇಕು. ಕುದುರೆಯನ್ನು ನೀರಿನವರೆಗೆ ಒಯ್ಯುವುದು ನಮ್ಮ ಕರ್ತವ್ಯವೇ. ಮುಂದಿನದು ಅದರ ನೀರಡಿಕೆಗೆ ಬಿಟ್ಟದ್ದು.

ಅಂದು ಗುಡಿಯಿಂದ ಮರಳಿ ಬಂದು ಹುಡುಗಿಯ ಪಕ್ಕದಲ್ಲಿ ಕುಳಿತೆ. ಆಕೆಯ ಪುಸ್ತಕದ ಅಂಚಿನಲ್ಲಿ ಕನ್ನಡದ ಮಾತುಗಳನ್ನು ಬರೆಸಿದೆ. ಬರೆದು ಮುಗಿದ ಮೇಲೆ, "ಅಜ್ಜ ಏನೋ ಹೇಳಾಕ ಹೇಳ್ಯಾನ. ನಾ ಹೇಳೂದಿಲ್ಲ, ಕೇಳತೀನಿ. ನಿನ್ನ ಮನಸಿನ್ಯಾಗ ಏನೈತಿ?" ಎಂದೆ. ಆಕೆ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದಳು. "ಪರೀಕ್ಷೆ ಮುಗಿಯೂತನಕ ಯಾರೂ ಕೇಳಬ್ಯಾಡ್ರಿ ಅಜ್ಜಾ. ಆಮ್ಯಾಲ ನಾನಽ ಹೇಳತೀನಿ" ಎಂದಳು. ಪರೀಕ್ಷೆಯ ದಿನ ಜೊತೆಗೆ ನಾನೇ ಬರುವೆನೆಂದು ಮಾತು ಕೊಟ್ಟೆ.

ಅಣ್ಣನವರಿಗೆ ಇದ್ದುದನ್ನು ಇದ್ದಂತೆಯೇ ತಿಳಿಸಿದೆ. ಅವರಿಗೆ ಸಂತೋಷವಾಗಲಿಲ್ಲ. ಸಂಜೆ ಊರಿಗೆ ಹೊರಡುವವರೆಗೂ ನನ್ನೊಡನೆ ಮಾತನಾಡಲಿಲ್ಲ. ಎಲ್ಲರೂ ಗಾಡಿ ಹತ್ತಿ ಕುಳಿತ ಮೇಲೆ ಮುಂದಿನ ಸೀಟಿನಿಂದ ತಿರುಗಿ ನೋಡಿ, ಮೊಮ್ಮಗಳನ್ನೇ ಕೇಳಿದರು: "ಯವ್ವಾ, ಪರೀಕ್ಷೆ ಯಾವಾಗಂದಿ?"